ಮಂಗಳದ ‘ತ್ರಿಪೆದ್’: ಕನ್ನಡದಲ್ಲಿ ‘ಅವು’ ಎನ್ನಬೇಕೋ ‘ಅವರು’ ಎನ್ನಬೇಕೋ?

ಪ್ರಶ್ನೆ: ಜೆ.-ಎಚ್. ರೋನಿ ಏನೆ 1925ರಲ್ಲಿ ಪ್ರಕಟಿಸಿದ ಫ್ರೆಂಚ್ ಕಾದಂಬರಿ ‘ಲೆ ನಾವಿಗಾತೇರ್ ದ ಲಾಂಫಿನಿ’ಯನ್ನು ಕನ್ನಡಕ್ಕೆ ಅನುವಾದಿಸುತ್ತಿದ್ದೇನೆ. ಅದರಲ್ಲಿ ಮಂಗಳಗ್ರಹದ ಬುದ್ಧಿಯುಳ್ಳ ಜೀವಿಗಳ ಹೆಸರು ‘ತ್ರಿಪೆದ್’. ಮೂರು ಕಾಲು, ಆರು ಕಣ್ಣು. ಇದಕ್ಕೆ ‘ತ್ರಿಪದಿಗಳು’ ಆದೀತೇ? ಸರ್ವನಾಮ ಯಾವುದು?

ಉತ್ತರ: ‘ತ್ರಿಪದಿ’ ಬೇಡವೇ ಬೇಡ, ಓದುಗರಿಗೆ ಸರ್ವಜ್ಞ ನೆನಪಾಗುತ್ತಾನೆ. ‘ಮುಕ್ಕಾಲಿ’ ಎಂದರೆ ಕೂರುವ ಪೀಠ. ‘ತ್ರಿಪಾದ’ ಇಟ್ಟುಕೊಳ್ಳಿ, ಬಹುವಚನ ‘ತ್ರಿಪಾದರು’.

ಆದರೆ ಮೊದಲ ಪುಟದಿಂದಲೇ ‘ರು’ ಹಾಕಿದರೆ ಕಥೆ ಕೆಡುತ್ತದೆ. ಫ್ರೆಂಚಿನ ‘ಇಲ್’ ಸರ್ವನಾಮ ಮನುಷ್ಯರಿಗೂ ಪ್ರಾಣಿಗಳಿಗೂ ಒಂದೇ. ಕನ್ನಡದಲ್ಲಿ ಹಾಗಲ್ಲ, ‘ಅವರು’ ಎಂದ ಕ್ಷಣವೇ ಅವರನ್ನು ನಮ್ಮ ಸಾಲಿಗೆ ಸೇರಿಸಿಕೊಂಡಂತೆ. ಭೂಮಿಯಿಂದ ಹೋದವರಿಗೆ ಅವರ ಬುದ್ಧಿ ಮನವರಿಕೆಯಾಗುವ ತನಕ ‘ಅವು’ ಇರಲಿ. ಆಮೇಲೆ ಒಂದು ಪ್ಯಾರಾದ ಆರಂಭದಲ್ಲೇ ಬದಲಿಸಿ, ಮತ್ತೆ ಹಿಂದಕ್ಕೆ ಹೋಗಬೇಡಿ.

ಬದಲಿಸುವಾಗ ಸರ್ವನಾಮವೊಂದನ್ನೇ ತಿದ್ದಿದರೆ ಸಾಲದು. ‘ಮೂರು ಜೀವಿಗಳು ಬಂದವು’ ಎಂಬುದು ‘ಮೂವರು ತ್ರಿಪಾದರು ಬಂದರು’ ಆಗಬೇಕು: ಸಂಖ್ಯೆ, ಪ್ರತ್ಯಯ, ಕ್ರಿಯಾಪದ ಮೂರೂ ಒಟ್ಟಿಗೆ. ‘ಯಾವುದು’ ಹೋಗಿ ‘ಯಾರು’ ಬರುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಮಾಡಹೊರಟರೆ ‘ಅವುಗಳ’ ಎಂಬುದು ‘ಅವರುಗಳ’ ಆಗಿ ಕೂರುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ‘ಜೂಮಾರ್ಫ್’ಗಳೂ ‘ಅವರು’ ಆಗಿಬಿಡುತ್ತಾರೆ. ತ್ರಿಪಾದರ ನೆಲವನ್ನು ಕಬಳಿಸುತ್ತಿರುವ ಆ ಜೀವಿಗಳು ಕೊನೆಯವರೆಗೂ ‘ಅವು’ ಆಗಿಯೇ ಇರಬೇಕು. ‘ಅವು ಅವರ ನೆಲವನ್ನು ಆಕ್ರಮಿಸುತ್ತಿವೆ’ ಎಂದರೆ ಯಾರು ಯಾರನ್ನು ಎಂಬ ಗೊಂದಲವೇ ಇಲ್ಲ. ಇಲ್ಲಿ ಕನ್ನಡ ಮೂಲಕ್ಕಿಂತ ಚೊಕ್ಕ.

‘ಗ್ರಾಸ್’ ಎಂಬ ಮಂಗಳದ ಹೆಣ್ಣಿನ ವಿಷಯ ಇನ್ನೂ ನಾಜೂಕು. ನಿರೂಪಕ ಅವಳನ್ನು ಪ್ರೀತಿಸುತ್ತಾನೆ. ಪರಿಚಯದ ಹಂತದಲ್ಲಿ ‘ಆಕೆ’, ಸಲುಗೆ ಬೆಳೆದ ಮೇಲೆ ‘ಅವಳು’ ಎನ್ನಿ. ‘ಅದು’ ಎಂದು ಒಮ್ಮೆ ಜಾರಿದರೂ ಆ ಪ್ರೀತಿಯನ್ನು ಓದುಗರು ನಂಬುವುದಿಲ್ಲ.

ಶೀರ್ಷಿಕೆಗೆ ‘ಗಗನಯಾತ್ರಿ’ಗಿಂತ ‘ಅನಂತದ ನಾವಿಕರು’ ಮೇಲು. ಬಾಹ್ಯಾಕಾಶಯಾನಕ್ಕೆ ‘ಆಸ್ಟ್ರೊನಾಟಿಕ್’ ಎಂಬ ಪದವನ್ನು 1927ರಲ್ಲಿ ಫ್ರಾನ್ಸಿನ ಖಗೋಳ ಸಂಘದ ವಲಯದಲ್ಲಿ ಮುಂದಿಟ್ಟವರೂ ರೋನಿಯವರೇ. ಅದರೊಳಗಿನ ಗ್ರೀಕ್ ‘ನಾವಿಕ’ನಿಗೂ ನಮ್ಮ ‘ನೌಕೆ’ಗೂ ಮೂಲ ಒಂದೇ. ಕಾದಂಬರಿಯ ಯಾತ್ರಿಕರು ಹೋಗುವ ಪಾರದರ್ಶಕ ಗೋಡೆಗಳ ನೌಕೆಯ ಹೆಸರು ‘ಸ್ಟೆಲ್ಲಾರಿಯಂ’ ಅಂಕಿತನಾಮ, ಅನುವಾದಿಸದೆ ಹಾಗೆಯೇ ಬಿಡಿ.