ಅಪ್‌ಡೇಟ್: ಒಣ ಚರ್ಮದ ಮೇಲೆ ಪೀನೊ ಸಿಲ್ವೆಸ್ಟ್ರೆ ಉಳಿಸಿಕೊಳ್ಳುವ ಬಗೆ

ವೆನಿಸ್‌ನಲ್ಲಿ 1955ರಲ್ಲಿ ಹೊರಬಂದ, ಪೈನ್ ಕಾಯಿಯ ಆಕಾರದ ಹಸಿರು ಸೀಸೆಯ ಪೀನೊ ಸಿಲ್ವೆಸ್ಟ್ರೆ ಎಂಬ ಸುಗಂಧದ್ರವ್ಯದ ಪರಿಮಳ ನನ್ನ ಒಣ ಚರ್ಮದ ಮೇಲೆ ಬೇಗನೆ ಆರಿಹೋಗುತ್ತದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಸ್ನಾನವಾದ ಕೂಡಲೇ ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚಿ, ಅದರ ಮೇಲೆ ಸಿಂಪಡಿಸಿ, ಅಂಗಿಯ ಒಳಭಾಗಕ್ಕೂ ಸ್ವಲ್ಪ ತಾಗಿಸಿ ಎಂಬ ಸಲಹೆಯೇ ಫಲಿಸಿತು. ಈಗ ಮಧ್ಯಾಹ್ನದ ಊಟದವರೆಗೂ ಪರಿಮಳ ಇರುತ್ತದೆ. ಮಣಿಕಟ್ಟುಗಳನ್ನು ಉಜ್ಜುವುದರಿಂದ ಏನೂ ಆಗಲಿಲ್ಲ. ಎರಡು ಪಟ್ಟು ಸಿಂಪಡಿಸಿದಾಗ ಮೊದಲ ಅರ್ಧ ಗಂಟೆ ಪಕ್ಕದಲ್ಲಿ ಕೂತವರಿಗೆ ಶಿಕ್ಷೆಯಾಯಿತೇ ಹೊರತು ಬಾಳಿಕೆ ಹೆಚ್ಚಲಿಲ್ಲ.

ಓದುತ್ತಾ ಹೋದಾಗ ತಿಳಿದ ಸಂಗತಿಯೆಂದರೆ, ಪೈನ್ ಎಣ್ಣೆಯ ಪೈನೀನ್, ನಿಂಬೆ ಜಾತಿಯ ಹಣ್ಣುಗಳ ಲಿಮೊನೀನ್ ಮುಂತಾದವು ತೀರ ಹಗುರವಾದ ಅಣುಗಳಾದ್ದರಿಂದ ಮೊದಲು ಅವೇ ಹಾರಿಹೋಗುತ್ತವೆ, ಮರ ಮತ್ತು ಪಾಚಿಯ ಭಾರವಾದ ಘಮ ಮಾತ್ರ ಹಿಂದುಳಿಯುತ್ತದೆ. ಹಾಗಾಗಿ ಆರಂಭದ ಆ ಚುರುಕಾದ ಕಾಡಿನ ವಾಸನೆ ಇಡೀ ದಿನ ಇರಲಿ ಎಂದು ಬಯಸುವುದೇ ಅತಿಯಾಸೆ. ಇನ್ನೊಂದು ಅಚ್ಚರಿ: ನನ್ನ ಮೂಗು ಒಗ್ಗಿಕೊಂಡು ಏನೂ ಇಲ್ಲವೆಂದುಕೊಂಡ ಹೊತ್ತಿನಲ್ಲೂ ಮನೆಯವರಿಗೆ ಪರಿಮಳ ತಿಳಿಯುತ್ತಿತ್ತು.

ಗಾಳಿ ಸೋಕಿ ಆಕ್ಸಿಡೀಕರಣಗೊಂಡ ಲಿಮೊನೀನ್ ಕೆಲವರ ಚರ್ಮಕ್ಕೆ ಅಲರ್ಜಿ ಉಂಟುಮಾಡಬಲ್ಲದಾದ್ದರಿಂದ, ಸೀಸೆ ಎಷ್ಟೇ ಚೆಂದವಿದ್ದರೂ ಕಿಟಕಿಯ ಬಳಿ ಅಲಂಕಾರಕ್ಕಿಡದೆ, ಮುಚ್ಚಳ ಬಿಗಿದು ಅದರ ಪೆಟ್ಟಿಗೆಯಲ್ಲೇ ಇಡುತ್ತಿದ್ದೇನೆ.