ನಿಕಾನ್ ಪಿ1000 ಕ್ಯಾಮೆರಾ ತಗೊಳ್ಳಲಾ, ಸಾಲ ಮಾಡಿ ಮಿರರ್‌ಲೆಸ್ ತಗೊಳ್ಳಲಾ?

ಪ್ರಶ್ನೆ: ಹೈಸ್ಕೂಲ್ ಮೇಷ್ಟ್ರು, ಶಿರಾ ತಾಲ್ಲೂಕು

ಗುಂಪಿನಲ್ಲಿರೋ ಫೋಟೋಗ್ರಾಫರ್ ಅಣ್ಣಂದಿರಿಗೆ ನಮಸ್ಕಾರ. ನಾನು ವಿಜ್ಞಾನದ ಮೇಷ್ಟ್ರು. ಮಕ್ಕಳನ್ನ ಕಟ್ಟಿಕೊಂಡು ಕಗ್ಗಲಡು ಅನ್ನೋ ಊರಿಗೆ ಹೋಗಿ ಹುಣಸೆಮರದ ಮೇಲಿನ ಬಣ್ಣದ ಕೊಕ್ಕರೆ ಗೂಡುಗಳನ್ನ ಎಣಿಸ್ತೀವಿ. ವರ್ಷಕ್ಕೆ ಒಂದೆರಡು ಸಲ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಕೃಷ್ಣಮೃಗ ನೋಡೋಕೆ ಹೋಗ್ತೀವಿ. ಇಷ್ಟು ದಿನ ಮೊಬೈಲಲ್ಲೇ ಫೋಟೋ. ಹೋದ ಸಲ ತೆಗೆದಿದ್ದನ್ನ ಹೆಡ್‌ಮಾಸ್ಟರಿಗೆ ತೋರಿಸಿದ್ರೆ "ಕೊಕ್ಕರೆ ಎಲ್ರೀ, ಮರದಲ್ಲಿ ಪ್ಲಾಸ್ಟಿಕ್ ಕವರ್ ಸಿಕ್ಕೊಂಡಿದೆ" ಅಂದ್ರು.

ಒಂದು ಲಕ್ಷದ ಹತ್ತು ಸಾವಿರ ತೆಗೆದಿಟ್ಟಿದ್ದೀನಿ. ಅಂಗಡಿಯವರು ನಿಕಾನ್ ಪಿ1000 ತೋರಿಸಿದ್ರು. 24ರಿಂದ 3000 ಮಿಮೀ, 125 ಪಟ್ಟು ಜೂಮ್. ಬೆಂಗಳೂರಲ್ಲಿರೋ ನನ್ನ ಭಾವಮೈದ "ಅದು ಆಟದ ಸಾಮಾನು ಭಾವ, ಸಾಲ ಆದ್ರೂ ಪರವಾಗಿಲ್ಲ, ಲೆನ್ಸ್ ಬದಲಾಯಿಸೋ ಥರದ ಮಿರರ್‌ಲೆಸ್ ತಗೊಳ್ಳಿ" ಅಂತಾನೆ. ಅವನ ಹತ್ರ ನಿಕಾನ್ ಜೆಡ್8, ಅದಕ್ಕೆ 180-600 ಲೆನ್ಸ್. ಅವನದು 600ಕ್ಕೆ ನಿಲ್ಲುತ್ತೆ, ಇದು 3000ಕ್ಕೆ ಹೋಗುತ್ತೆ. ಹಾಗಿದ್ದ ಮೇಲೆ ನಾನ್ಯಾಕೆ ಅಷ್ಟೊಂದು ದುಡ್ಡು ಸುರೀಬೇಕು? ಕಸುಬಿನವರು ಯಾರಾದ್ರೂ ಬಿಡಿಸಿ ಹೇಳಿ.

ಉತ್ತರ: ಸ್ಟುಡಿಯೋದವನು, ತುಮಕೂರು

ಮೇಷ್ಟ್ರೇ, ನನ್ನ ಹತ್ರ ಎರಡೂ ಇವೆ. ನಿಮ್ಮ ಭಾವಮೈದನ ಸೆಟ್ಟೇ ನನ್ನದೂ. ಮದುವೆಗೆ, ದುಡ್ಡು ಕೊಡೋ ಪಾರ್ಟಿಯ ಕೆಲಸಕ್ಕೆ ಅದು. ಸ್ಕೂಟರ್ ಡಿಕ್ಕಿಯಲ್ಲಿ ಹಳೇ ಟವೆಲ್ ಸುತ್ತಿಕೊಂಡು ಮಲಗಿರೋದು ಪಿ1000. ಹಾಗಾಗಿ ಯಾವ ಪಕ್ಷವೂ ವಹಿಸದೆ ಹೇಳ್ತೀನಿ.

ಮೊದಲು ಆ 3000 ಅನ್ನೋ ಅಂಕಿ. ಪಿ1000 ಲೆನ್ಸಿನ ಮೂತಿ ಸುತ್ತ ಬರೆದಿರೋದನ್ನ ಓದಿ: 4.3-539 ಅಂತಿರುತ್ತೆ. ನಿಜವಾದ ಫೋಕಲ್ ಲೆಂಗ್ತ್ ಅದು, 539 ಮಿಮೀ. 3000 ಬಂದಿದ್ದು ಸೆನ್ಸರ್ (ಬೆಳಕನ್ನ ಚಿತ್ರ ಮಾಡೋ ಚಿಪ್) ಸಣ್ಣದಿರೋದ್ರಿಂದ. ಅದರ ಸೆನ್ಸರ್ ಅಗಲ 6.2 ಮಿಮೀ, ಎತ್ತರ 4.6 ಮಿಮೀ, ಹೆಚ್ಚೂಕಡಿಮೆ ಒಂದು ತೊಗರಿಕಾಳು. ಜೆಡ್8ರ ಸೆನ್ಸರ್ 36ಕ್ಕೆ 24 ಮಿಮೀ, ಒಂದು ಅಂಚೆಚೀಟಿ. ವಿಸ್ತೀರ್ಣ ಲೆಕ್ಕ ಹಾಕಿದ್ರೆ ಸುಮಾರು 30 ಪಟ್ಟು ವ್ಯತ್ಯಾಸ. ಲೆನ್ಸು ಕಟ್ಟಿಕೊಡೋ ಬಿಂಬದಲ್ಲಿ ತೊಗರಿಕಾಳಿನಷ್ಟು ಜಾಗ ಮಾತ್ರ ಕತ್ತರಿಸಿ ತಗೊಂಡ್ರೆ ದೂರದ ಪ್ರಾಣಿ ಫ್ರೇಮ್ ತುಂಬ ಕಾಣುತ್ತೆ. ಹತ್ತಿರ ಬಂದ ಹಾಗೆ ಕಾಣೋದಕ್ಕೆ ಅದೇ ಕಾರಣ.

ಮಳೆಗೆ ಸೂರಿನ ಕೆಳಗೆ ಲೋಟ ಇಟ್ಟವನಿಗೂ ಕೊಳದಪ್ಪಲೆ ಇಟ್ಟವನಿಗೂ ಸುರಿಯೋ ಮಳೆ ಒಂದೇ, ತುಂಬೋ ನೀರು ಬೇರೆ. ಬೆಳಕು ಧಾರಾಳ ಇದ್ರೆ ಲೋಟವೇ ಸಾಕು. ಬೆಳಕು ಕಮ್ಮಿ ಆದಾಗ ಲೋಟದವನು ಪರದಾಡ್ತಾನೆ.

ಹೋದ ಜನವರಿಯಲ್ಲಿ ಮೈದನಹಳ್ಳಿಗೆ ಎರಡನ್ನೂ ಒಯ್ದಿದ್ದೆ. ಬೆಳಿಗ್ಗೆ 6.40, ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಒಂದು ಗಂಡು, ಬೆನ್ನು ಕರ್ರಗೆ, ಕೊಂಬು ಸುರುಳಿ ಸುತ್ತಿಕೊಂಡು ನಿಂತಿತ್ತು. ಪಿ1000ರಲ್ಲಿ ಶಟರ್ ಸೆಕೆಂಡಿನ 1/250ಕ್ಕೆ ಇಟ್ಟೆ, ಬೆಳಕು ಸಾಲದ್ದಕ್ಕೆ ಸೆನ್ಸರಿನ ಸಂವೇದನೆ, ಅಂದ್ರೆ ಐಎಸ್‌ಒ ತಾನಾಗಿ 1600ಕ್ಕೆ ಹತ್ತಿತು. ಚಿತ್ರ ಬಂತು, ಇಲ್ಲ ಅನ್ನಲ್ಲ. ಕೃಷ್ಣಮೃಗ ಅಂತ ಯಾರು ಬೇಕಾದ್ರೂ ಗುರುತು ಹಿಡೀತಾರೆ. ಆದ್ರೆ ಕೊಂಬಿನ ಉಂಗುರಗಳು ಒಂದಕ್ಕೊಂದು ಕರಗಿ ಹೋಗಿದ್ವು, ಕುತ್ತಿಗೆ ಕೂದಲು ಒದ್ದೆ ಬಟ್ಟೇಲಿ ಒರೆಸಿದ ಹಾಗೆ. ಕಾಳು ಕಾಳು ನಾಯ್ಸ್ ಕಾಣಬಾರದು ಅಂತ ಕ್ಯಾಮೆರಾ ಒಳಗೇ ಉಜ್ಜಿ ನುಣ್ಣಗೆ ಮಾಡಿಬಿಡುತ್ತೆ. ಅದೇ ಗಂಡು, ಅದೇ ಹೊತ್ತು, ಜೆಡ್8ರಲ್ಲಿ ತೆಗೆದು ಕ್ರಾಪ್ ಮಾಡಿದ್ರೆ ಉಂಗುರಗಳನ್ನ ಎಣಿಸಬಹುದಿತ್ತು.

ಎಂಟು ಗಂಟೆ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿತ್ತು. ಪಿ1000 ಐಎಸ್‌ಒ 200ಕ್ಕೆ ಇಳೀತು. ಈ ಸಲ ಉಂಗುರಗಳು ಅದರಲ್ಲೂ ಬಿಡಿಬಿಡಿಯಾಗಿ ಬಂದ್ವು. ಎರಡೂ ಫೋಟೋ ಮನೇಲಿ ಹೆಂಡತಿಗೆ ತೋರಿಸಿ ಯಾವುದು ಯಾವುದರದ್ದು ಹೇಳು ಅಂದೆ. ತಪ್ಪು ಹೇಳಿದಳು. ಅವಳೂ ಸ್ಟುಡಿಯೋದಲ್ಲಿ ಆಲ್ಬಮ್ ಡಿಸೈನ್ ಮಾಡೋಳೇ.

ಒಂಬತ್ತೂವರೆ ಮೇಲೆ ನೆಲ ಕಾದು ಹವಾ ಕುದಿಯೋಕೆ ಶುರು. ಆಗ ಎರಡರಲ್ಲೂ ಜಿಂಕೆ ಕಾಲು ನೀರಲ್ಲಿ ಅಲ್ಲಾಡಿದ ಹಾಗೆ. ಬಿಸಿಲ್ಗುದುರೆಗೆ ಕ್ಯಾಮೆರಾ ಬೆಲೆ ಗೊತ್ತಾಗಲ್ಲ. ಬ್ಯಾಗ್ ಮುಚ್ಚಿ ಹೋಟೆಲ್ ಹುಡುಕಿಕೊಂಡು ಹೊರಟೆ.

ಕಾಮೆಂಟ್: ಎಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು

ಅಣ್ಣ, ಲೆಕ್ಕ ಸರಿಹೋಗ್ತಿಲ್ಲ. ಜೆಡ್8 45 ಮೆಗಾಪಿಕ್ಸೆಲ್. 600ರಲ್ಲಿ ತೆಗೆದು 3000ದಷ್ಟು ಹತ್ತಿರ ಬರೋ ಹಾಗೆ ಕ್ರಾಪ್ ಮಾಡಿದ್ರೆ ಅಗಲ ಐದರಲ್ಲೊಂದು, ಎತ್ತರ ಐದರಲ್ಲೊಂದು. ಉಳಿಯೋದು ಬರೀ 1.8 ಮೆಗಾಪಿಕ್ಸೆಲ್. ಪಿ1000ರಲ್ಲಿ ಪೂರ್ತಿ 16 ಮೆಗಾಪಿಕ್ಸೆಲ್ ಇರುತ್ತೆ. ಒಂಬತ್ತು ಪಟ್ಟು ಜಾಸ್ತಿ ಇರೋದೇ ಗೆಲ್ಲಬೇಕಲ್ವಾ?

ಉತ್ತರ: ಸ್ಟುಡಿಯೋದವನು

ಪಿಕ್ಸೆಲ್ ಲೆಕ್ಕ ಸರಿಯಾಗೇ ಇದೆ ತಮ್ಮಾ. ಆದ್ರೆ ಆ 16ರಲ್ಲಿ ಎಷ್ಟು ಕೆಲಸ ಮಾಡುತ್ತೆ ಅನ್ನೋದನ್ನ ನೋಡು. ಪೂರ್ತಿ ಜೂಮ್‌ನಲ್ಲಿ ಪಿ1000 ಅಪರ್ಚರ್, ಅಂದ್ರೆ ಬೆಳಕು ಬರೋ ಕಂಡಿ, ಎಫ್8. ಡಿಫ್ರಾಕ್ಷನ್ ನೀನು ಓದಿದ್ದೀಯ, ಕಂಡಿಯಲ್ಲಿ ನುಸುಳಿದ ಬೆಳಕು ಬಿಂದುವಾಗಿ ಬೀಳಲ್ಲ, ಹರಡಿಕೊಂಡು ಬೀಳುತ್ತೆ. ಎಫ್8ಕ್ಕೆ ಆ ಹರವು ಸುಮಾರು 10.7 ಮೈಕ್ರಾನ್ (ಮಿಮೀಯ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಪಿ1000ರ ಒಂದು ಪಿಕ್ಸೆಲ್ 1.34 ಮೈಕ್ರಾನ್. ಅಂದ್ರೆ ಒಂದೇ ಚುಕ್ಕಿ ಅಡ್ಡಕ್ಕೆ ಎಂಟು ಪಿಕ್ಸೆಲ್ ಆಕ್ರಮಿಸಿಕೊಂಡು ಕೂತಿದೆ. ಎಂಟು ಜನ ಗುಮಾಸ್ತರು ಒಂದೇ ಅರ್ಜಿ ನಕಲು ಮಾಡಿದ ಹಾಗೆ. ಕಾಗದ ಜಾಸ್ತಿ, ವಿಷಯ ಒಂದೇ.

ಇನ್ನೊಂದು ದಾರಿಯಲ್ಲಿ ನೋಡು. ಫೋಕಲ್ ಲೆಂಗ್ತನ್ನ ಎಫ್ ನಂಬರಿಂದ ಭಾಗಿಸಿದ್ರೆ ಬೆಳಕು ಒಳಗೆ ಬರೋ ಬಾಗಿಲಿನ ಅಗಲ ಸಿಗುತ್ತೆ. ಪಿ1000: 539 ಭಾಗಿಸು 8, ಸುಮಾರು 67 ಮಿಮೀ. 180-600ರ ತುದಿಯಲ್ಲಿ: 600 ಭಾಗಿಸು 6.3, ಸುಮಾರು 95 ಮಿಮೀ. ದೂರದ ಜಿಂಕೆಯಿಂದ ಬಂದ ಬೆಳಕನ್ನ ಹಿಡಿಯೋದು ಈ ಬಾಗಿಲೇ. 67ಕ್ಕೂ 95ಕ್ಕೂ ವಿಸ್ತೀರ್ಣದಲ್ಲಿ ಎರಡು ಪಟ್ಟು ವ್ಯತ್ಯಾಸ. ಮೂವತ್ತಲ್ಲ, ಬರೀ ಎರಡು! ದೂರದಲ್ಲಿ, ಒಳ್ಳೇ ಬಿಸಿಲಲ್ಲಿ, ನಿಂತಿರೋ ಪ್ರಾಣಿಗೆ ಪಿ1000 ಅಷ್ಟು ಚೆನ್ನಾಗಿ ಜೊತೆಗೆ ಓಡೋದು ಇದಕ್ಕೇ. ನಾನೂ ಸೆನ್ಸರ್ ಸೈಜ್ ಹಿಡಿದು ಅದನ್ನ ಹೀಯಾಳಿಸ್ತಿದ್ದವನೇ. ಕ್ಯಾಲ್ಕುಲೇಟರ್ ತಗೊಂಡ ಮೇಲೆ ಬಾಯಿ ಮುಚ್ಚಿದೆ.

ಮೂವತ್ತು ಪಟ್ಟಿನ ಸೆನ್ಸರ್ ತನ್ನ ಬಲ ತೋರಿಸೋದು ಪ್ರಾಣಿ ಹತ್ತಿರ ಇದ್ದಾಗ, ಕ್ರಾಪ್ ಮಾಡದೆ ಫ್ರೇಮ್ ತುಂಬಿದಾಗ. ಆಗ ಪಿ1000 ಥರದ, ಲೆನ್ಸ್ ಅಂಟಿಕೊಂಡೇ ಇರೋ ಬ್ರಿಡ್ಜ್ ಕ್ಯಾಮೆರಾ ಹತ್ತಿರ ಸುಳಿಯೋ ಹಾಗೂ ಇಲ್ಲ.

ಕಾಮೆಂಟ್: ಮದುವೆ ಫೋಟೋ ತೆಗೆಯೋ ಹುಡುಗ, ಗುಬ್ಬಿ

ಅಣ್ಣ, ಹಾಗಾದ್ರೆ ಪಿ1000 ಇಟ್ಟುಕೊಂಡು ಮದುವೆಗೂ ಹೋಗಬಹುದಾ?

ಉತ್ತರ: ಸ್ಟುಡಿಯೋದವನು

ಹೋಗಬಹುದು, ಊಟಕ್ಕೆ.

ಕಾಮೆಂಟ್: ಬ್ಯಾಂಕ್ ಉದ್ಯೋಗಿ, ತಿಪಟೂರು

ಮೇಷ್ಟ್ರೇ, ತೂಕದ ಬಗ್ಗೆ ಯಾರೂ ಮಾತಾಡ್ತಿಲ್ಲ, ಅದಕ್ಕೇ ಹೇಳ್ತೀನಿ. ನನ್ನದು 2015ರಲ್ಲಿ ಬಂದ ಪಿ900, 83 ಪಟ್ಟು ಜೂಮ್, 900 ಗ್ರಾಂ. ಭಾನುವಾರ ತೋಟದ ದಾರೀಲಿ ನಡೆಯೋವಾಗ ಕುತ್ತಿಗೆಗೆ ಹಾಕಿಕೊಂಡ್ರೆ ಹಾಕಿಕೊಂಡಿದ್ದೀನಿ ಅನ್ನೋದೇ ಮರೆತುಹೋಗುತ್ತೆ. ನಮ್ಮೆಜಮಾನ್ರು ದೊಡ್ಡ ಲೆನ್ಸ್ ತಂದ್ರು, ಮೂರು ತಿಂಗಳು ಹೊತ್ತರು, ಈಗ ಅದು ಬೀರುವಿನಲ್ಲಿ ಅಕ್ಕಿಯ ಪುಟ್ಟ ಗಂಟಿನ ಜೊತೆ ಇದೆ. ಫಂಗಸ್ ಬರಬಾರದು ಅಂತ ಯಾರೋ ಹೇಳಿದ್ರಂತೆ. ಪಿ900ರಲ್ಲಿ ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡೋ ಹಸಿ ಚಿತ್ರ) ಬರಲ್ಲ, ಅದೊಂದೇ ನನ್ನ ಕೊರಗು.

ಉತ್ತರ: ಸ್ಟುಡಿಯೋದವನು

ಅಕ್ಕಾ, ಅಕ್ಕಿ ಮೊದಲು ತೆಗೆಸಿ, ಅದರ ಧೂಳು ಲೆನ್ಸಿಗೆ ಕೂರುತ್ತೆ. ಗಾಳಿ ಆಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು.

ತೂಕದ ಮಾತು ನಿಜ. ಪಿ1000 1,415 ಗ್ರಾಂ. ಜೆಡ್8ಕ್ಕೆ 180-600 ಹಾಕಿದ್ರೆ ಹತ್ತಿರ ಹತ್ತಿರ 2.9 ಕೆಜಿ. ಆದ್ರೆ ಮಿರರ್‌ಲೆಸ್ ಅಂದ್ರೆಲ್ಲ ಭಾರ ಅಂತಲ್ಲ. ಕ್ಯಾನನ್ ಆರ್10 ಬಾಡಿ 429 ಗ್ರಾಂ, ಅದಕ್ಕೆ ಆರ್‌ಎಫ್ 100-400 ಲೆನ್ಸ್ 635 ಗ್ರಾಂ. ಎರಡೂ ಸೇರಿ ಪಿ1000ಕ್ಕಿಂತ ಹಗುರ! ಅದರ ಸೆನ್ಸರ್ ಜೆಡ್8ರದಕ್ಕಿಂತ ಸಣ್ಣದು, ಹಾಗಾಗಿ 1.6 ಪಟ್ಟು ಲೆಕ್ಕ, 400 ಇದ್ರೂ 640 ಮಿಮೀನಷ್ಟು ಹತ್ತಿರ ಬರುತ್ತೆ. ಹಕ್ಕಿಯ ಕಣ್ಣು ಹುಡುಕಿ ತಾನೇ ಫೋಕಸ್ ಹಿಡಿಯುತ್ತೆ. ಮೇಷ್ಟ್ರ ದುಡ್ಡಿಗಿಂತ ಸ್ವಲ್ಪ ಮೇಲಾಗುತ್ತೆ, ಸೆಕೆಂಡ್ ಹ್ಯಾಂಡ್ ಹುಡುಕಿದ್ರೆ ಸಿಗಬಹುದು. ವೃತ್ತಿಯವರ ಬಾಡಿ ಅಲ್ಲ ಅದು, ಆದ್ರೆ ಸಾಲ ಮಾಡಿ ಜೆಡ್8 ತಗೊಳ್ಳೋದಕ್ಕಿಂತ ಇದು ಜಾಣತನ.

ಈ ಫೋಕಸ್ ವಿಷಯ ನಾನು ಮೊದಲೇ ಹೇಳಬೇಕಿತ್ತು. ಪಿ1000 ಕಾಂಟ್ರಾಸ್ಟ್ ನೋಡಿಕೊಂಡು ಹಿಂದೆ ಮುಂದೆ ಓಡಾಡಿ ಫೋಕಸ್ ಹುಡುಕುತ್ತೆ. ಮುಂದೆ ಒಂದು ಹುಲ್ಲುಕಡ್ಡಿ ಬಂದ್ರೆ ಅದನ್ನೇ ಹಿಡಿದು ಕೂರುತ್ತೆ. ಮೈದನಹಳ್ಳಿಯಲ್ಲಿ ಚಳಿಗಾಲಕ್ಕೆ ಬರೋ ಸೆಳೆವ ಹಕ್ಕಿ (ಹ್ಯಾರಿಯರ್) ಹುಲ್ಲಿನ ಮೇಲೆ ತೇಲಿಕೊಂಡು ಹೋಗುತ್ತೆ, ನೋಡಿರ್ತೀರಿ. ಅದನ್ನ ಪಿ1000ರಲ್ಲಿ ಎರಡು ವರ್ಷ ಪ್ರಯತ್ನಪಟ್ಟೆ. ಒಂದು ಫೋಟೋ ಬಂತು, ಅದರಲ್ಲೂ ಬಾಲ ಮಾತ್ರ ಶಾರ್ಪ್. ಸೆಕೆಂಡಿಗೆ ಏಳರಂತೆ ಏಳು ಚಿತ್ರ ಪಟಪಟ ಹೊಡೆದು, ಆಮೇಲೆ ಕಾರ್ಡಿಗೆ ಬರಕೊಳ್ಳೋವರೆಗೂ ಸುಮ್ಮನಿರು ಅನ್ನುತ್ತೆ. ಜಿಂಕೆ ನೆಗೆಯೋದು ಎಂಟನೇ ಚಿತ್ರಕ್ಕೇ. ಹಾರೋದು, ಓಡೋದು ನಿಮಗೆ ಮುಖ್ಯ ಆದ್ರೆ ಬ್ರಿಡ್ಜ್ ಕ್ಯಾಮೆರಾ ಮುಟ್ಟಲೇಬೇಡಿ.

ಪ್ರಶ್ನೆ: ಮೇಷ್ಟ್ರು

ನನಗೆ ಹಾರೋದು ಬೇಡ ಅಣ್ಣ. ಗೂಡಲ್ಲಿ ಮರಿ ಎಷ್ಟು, ಬೂದು ಬಕ ಎಷ್ಟು, ಕಾಲಿಗೆ ದಾರ ಸುತ್ತಿಕೊಂಡಿದೆಯಾ, ಇಷ್ಟು ಕಂಡ್ರೆ ಸಾಕು. ಶಾಲೆಯ ಗೋಡೆಗೆ ಎ3 ಸೈಜಿನ ಒಂದೆರಡು ಚಿತ್ರ. ಮಕ್ಕಳ ಕೈಗೂ ಕೊಡಬೇಕು, ಅದೇ ಭಯ.

ಉತ್ತರ: ಸ್ಟುಡಿಯೋದವನು

ಹಾಗಾದ್ರೆ ಬ್ರಿಡ್ಜೇ ತಗೊಳ್ಳಿ, ಭಾವಮೈದನಿಗೆ ನಾನು ಹೇಳ್ತೀನಿ. ಪಿ1000, ಇಲ್ಲ 2025ರಲ್ಲಿ ಬಂದ ಪಿ1100. ಎರಡರ ಲೆನ್ಸೂ ಸೆನ್ಸರೂ ಒಂದೇ, ಹೊಸದಕ್ಕೆ ಮೊಬೈಲ್ ಥರ ಯುಎಸ್‌ಬಿ-ಸಿ ಚಾರ್ಜಿಂಗ್. ಪಿ1000 ಹೊಸದು ಕಮ್ಮಿಗೆ ಸಿಕ್ಕಿದ್ರೆ ಕಣ್ಣು ಮುಚ್ಚಿ ತಗೊಳ್ಳಿ. ಸ್ವಲ್ಪ ಹಗುರ ಬೇಕು ಅಂದ್ರೆ ಪಿ950, 2020ರದ್ದು, 2000 ಮಿಮೀವರೆಗೆ ಹೋಗುತ್ತೆ, ಒಂದು ಕೆಜಿ, ರಾ ಫೈಲೂ ಬರುತ್ತೆ.

ಕಗ್ಗಲಡಲ್ಲಿ 3000 ಬೇಕಾಗೋದೇ ಇಲ್ಲ. ಮರಗಳು ಮನೆ ಮಗ್ಗುಲಲ್ಲೇ ಇವೆ, ಹಕ್ಕಿ ತಲೆ ಮೇಲೆ ಇರುತ್ತೆ (ಟೋಪಿ ಮರೀಬೇಡಿ, ಯಾಕೆ ಅಂತ ನಿಮಗೆ ಗೊತ್ತು). 400, 600ರಲ್ಲೇ ಗೂಡು ತುಂಬಿಕೊಳ್ಳುತ್ತೆ. ಕೊಕ್ಕರೆಯ ಬಿಳೀ ಗರಿ ಸಣ್ಣ ಸೆನ್ಸರಲ್ಲಿ ಬೇಗ ಸುಟ್ಟುಹೋಗುತ್ತೆ, ಸುಣ್ಣ ಬಳಿದ ಗೋಡೆ ಥರ. ಎಕ್ಸ್‌ಪೋಷರನ್ನ ಮೈನಸ್ 0.7ಕ್ಕೆ ಇಟ್ಟುಬಿಡಿ, ಚಿತ್ರ ಸ್ವಲ್ಪ ಕಪ್ಪಾದ್ರೂ ಗರಿಯ ಗೆರೆ ಉಳಿಯುತ್ತೆ. ಮಕ್ಕಳಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿ: ಹಕ್ಕಿ ಹಾರಲಿ ಅಂತ ಕಲ್ಲು ತೂರೋದು, ಚಪ್ಪಾಳೆ ಹೊಡೆಯೋದು ಕೂಡದು. ಕ್ಯಾಮೆರಾ ಹಿಡಿದ ದೊಡ್ಡವರೇ ಹೀಗೆ ಮಾಡಿ ಊರವರ ಕೈಲಿ ಬೈಸಿಕೊಂಡಿದ್ದನ್ನ ಕಂಡಿದ್ದೀನಿ. ಬೈದಿದ್ದು ನ್ಯಾಯವಾಗೇ ಇತ್ತು.

ಪೂರ್ತಿ ಜೂಮ್ ಹಾಕಿದಾಗ ಹಕ್ಕಿ ಹುಡುಕೋದೇ ದೊಡ್ಡ ತಾಪತ್ರಯ. ಅಲ್ಲಿ ಕಾಣೋ ಆಕಾಶ ಒಂದು ಚಂದ್ರನಷ್ಟೇ ಅಗಲ ಅಂದ್ಕೊಳ್ಳಿ. ಅಡಿಕೆ ಕೊಯ್ಯೋ ದೋಟಿ ನೆನಪಿಸಿಕೊಳ್ಳಿ, ಉದ್ದ ಆದಷ್ಟೂ ಕೈಯಲ್ಲಿ ಕೂದಲೆಳೆ ಅಲ್ಲಾಡಿದ್ರೆ ತುದಿಯಲ್ಲಿ ಮಾರುದ್ದ. ಲೆನ್ಸಿನ ಪಕ್ಕದಲ್ಲಿ ಸ್ನ್ಯಾಪ್-ಬ್ಯಾಕ್ ಅಂತ ಒಂದು ಬಟನ್ ಇದೆ. ಒತ್ತಿ ಹಿಡಿದ್ರೆ ಜೂಮ್ ಹಿಂದಕ್ಕೆ ಬಂದು ಸುತ್ತಮುತ್ತ ಕಾಣುತ್ತೆ, ಹಕ್ಕಿಯನ್ನ ಚೌಕದೊಳಗೆ ಇಟ್ಟು ಬಿಟ್ರೆ ಮತ್ತೆ ಮುಂದಕ್ಕೆ ಹೋಗುತ್ತೆ. ಮಕ್ಕಳು ಇದನ್ನ ನಮಗಿಂತ ಬೇಗ ಕಲೀತಾರೆ.

ಇನ್ನು ಧೂಳು. ಬ್ರಿಡ್ಜ್ ಕ್ಯಾಮೆರಾದ ಲೆನ್ಸ್ ಬಿಚ್ಚೋಕಾಗಲ್ಲ ಅನ್ನೋದು ಮಕ್ಕಳ ಕೈಗೆ ಕೊಡೋರಿಗೆ ವರ. ಆದ್ರೆ ಜೂಮ್ ಕೊಳವೆ ಹೊರಗೆ ಒಳಗೆ ಹೋಗ್ತಾ ಧೂಳು ಎಳಕೊಂಡ್ರೆ ಒಳಗೆ ಕೈ ಹಾಕೋಕಾಗಲ್ಲ. ಮಧುಗಿರಿ ಮಣ್ಣುರಸ್ತೇಲಿ ನನ್ನದರ ಸೆನ್ಸರ್ ಮೇಲೆ ಒಂದು ಚುಕ್ಕೆ ಕೂತು, ತೆಗೆದ ಆಕಾಶದಲ್ಲೆಲ್ಲ ಹದ್ದು ಹಾರಿದ ಹಾಗೆ ಕಾಣ್ತಿತ್ತು. ರಿಪೇರಿಗೆ ಕೊಟ್ಟವರು ಆರು ವಾರ ಇಟ್ಟುಕೊಂಡು ಎರಡು ಚುಕ್ಕೆ ಮಾಡಿ ಕಳಿಸಿದ್ರು. ಜೂಮ್ ಒಳಗೆ ಎಳೆದು ಮುಚ್ಚಳ ಹಾಕಿಯೇ ಬೈಕ್ ಹತ್ತಿ.

ಪ್ರಶ್ನೆ: ಮೇಷ್ಟ್ರು

ತುಂಬಾ ಉಪಕಾರ ಆಯ್ತು ಅಣ್ಣ. ಕೊಳ್ಳೋ ಮುಂಚೆ ನಿಮ್ಮದನ್ನ ಒಂದು ಸಲ ಕೈಯಲ್ಲಿ ಹಿಡಿದು ನೋಡಬಹುದಾ? ಭಾವಮೈದನೂ ಈ ವಾರ ಊರಿಗೆ ಬರ್ತಿದ್ದಾನೆ.

ಉತ್ತರ: ಸ್ಟುಡಿಯೋದವನು

ಭಾನುವಾರ ಏಳು ಗಂಟೆಗೆ ಕಗ್ಗಲಡು ಊರಬಾಗಿಲಿಗೆ ಬನ್ನಿ, ನಾನೂ ಬರ್ತೀನಿ. ಅವರ ಜೆಡ್8ನೂ ತರಲಿ, ಒಂದೇ ಗೂಡನ್ನ ಎರಡರಲ್ಲೂ ತೆಗೆದು ಮಕ್ಕಳ ಕೈಲೇ ತೀರ್ಪು ಹೇಳಿಸೋಣ. ಎಸ್‌ಡಿ ಕಾರ್ಡ್ ನಿಮ್ಮದೇ ತನ್ನಿ. ನನ್ನ ಕಾರ್ಡಲ್ಲಿ ಕ್ಯಾತ್ಸಂದ್ರದ ಒಂದು ಗೃಹಪ್ರವೇಶ ಇದೆ, ಇನ್ನೂ ಕಾಪಿ ಮಾಡಿಲ್ಲ.