ಪುಲಾಸ್ಕಿ, ಮೆಕ್‌ಲೌಡ್: ಕಾಡುಬೆಂಕಿಯ ಕೈಹತಾರಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ಪುಣೆಯ ಟೇಕಡಿಗಳಲ್ಲಿ, ಅಂದರೆ ಗುಡ್ಡಗಳಲ್ಲಿ, ಒಣಹುಲ್ಲಿಗೆ ಬೆಂಕಿ ಬೀಳುವ ಕಾಲ ಹತ್ತಿರವಾಗಿದೆ. ಬೆಂಕಿ ಆರಿಸಲು, ಕಾಲುದಾರಿ ಸರಿಪಡಿಸಲು ನಮ್ಮ ತಂಡದೊಡನೆ ಬರುವ ಕೂಲಿಯವರಲ್ಲಿ ಹೆಚ್ಚಿನವರು ವಿಜಯಪುರ, ಕಲಬುರಗಿ ಕಡೆಯವರಾದ್ದರಿಂದ ಹತಾರದ ಕೋಣೆಯ ಫಲಕವನ್ನು ಮರಾಠಿಯ ಜೊತೆಗೆ ಕನ್ನಡದಲ್ಲಿಯೂ ಬರೆಸಬೇಕಾಗಿದೆ. ಬರೆಯುವವನು ಗುರುವಾರ ಬರುತ್ತಾನೆ. ಸಲಿಕೆ, ಹಾರೆ, ಪಿಕಾಸಿ, ಮಚ್ಚುಗಳಿಗೆ ತೊಡಕಿಲ್ಲ. ತೊಡಕು ಎರಡಕ್ಕೆ ಮಾತ್ರ. ಪುಲಾಸ್ಕಿಯ ತಲೆಯಲ್ಲಿ ಒಂದು ಕಡೆ ಕೊಡಲಿಯ ಬಾಯಿ, ಇನ್ನೊಂದು ಕಡೆ ಕಾವಿಗೆ ಅಡ್ಡಲಾಗಿ ನಿಂತು ಬೇರು ಕಡಿಯುವ, ಮಣ್ಣು ಕೆದಕುವ ಅಲಗು ಇರುತ್ತದೆ. ಮೆಕ್‌ಲೌಡಿನ ಒಂದಂಚು ಅಗಲವಾದ ಗುದ್ದಲಿ, ಎದುರಂಚು ದಪ್ಪ ಹಲ್ಲುಗಳ ಸಾಲು. ಮೊದಲನೆಯದನ್ನು ‘ಕೊಡಲಿಗುದ್ದಲಿ’ ಎಂದು ಬರೆಸಬಹುದೇ?
– ಕೋಥರೂಡ, ಪುಣೆ

ಬೇಡ. ಹತಾರದ ಹೆಸರು ಅಲಗಿನಿಂದ ಬರಬೇಕು. ನೀವು ಗುದ್ದಲಿ ಎಂದುಕೊಂಡಿರುವ ಆ ಹಿಂಬದಿಯ ಅಲಗು ಕಿರಿದು, ಮಸೆದು ಹರಿತ ಮಾಡುವಂಥದು. ಅದು ಬಡಗಿಯ ಬಾಚಿಯ ಅಣ್ಣನೇ ಹೊರತು ಗುದ್ದಲಿಯಲ್ಲ. ಆದ್ದರಿಂದ ‘ಬಾಚಿಗೊಡಲಿ’. ಗಂಡುಗೊಡಲಿ ಇರುವಾಗ ಆದೇಶ ಸಂಧಿಗೆ ಯಾರೂ ತಕರಾರು ತೆಗೆಯಲಾರರು. ಮೆಕ್‌ಲೌಡಿಗೆ ‘ಹಲುಬೆ’ ಸಾಕು. ಹಾಗೆಯೇ ಫಲಕದಿಂದ ‘ಪಿಕಾಸಿ’ಯನ್ನು ಅಳಿಸಿರಿ. ‘ಗುದ್ದು’ ಎಂಬ ಅಚ್ಚಗನ್ನಡ ಧಾತುವನ್ನು ಹೊಟ್ಟೆಯಲ್ಲಿಟ್ಟುಕೊಂಡ ಗುದ್ದಲಿ ಮನೆಯಲ್ಲಿದೆ, ಸಂಸ್ಕೃತದ ಕುದ್ದಾಲವೂ ಮರಾಠಿಯ ಕುದಳವೂ ಅದಕ್ಕೇ ಋಣಿಗಳೆಂಬುದು ನನ್ನ ಬಹುಕಾಲದ ನಿಲುವು. ಹೀಗಿರುವಾಗ ಬೀದಿಯಿಂದ ಎರವಲು ತರುವುದು ಬರಿಯ ಸೋಮಾರಿತನ.
– ಮಾಟುಂಗಾ, ಮುಂಬಯಿ

ಹಲುಬೆಗೆ ಹಲ್ಲುಗಳ ಸಾಲು ಇದ್ದರೂ ಅದು ಹೊಲದಲ್ಲಿ ಎತ್ತು ಎಳೆಯುವ ಹತಾರ. ಗುಡ್ಡದ ಇಳಿಜಾರಿನಲ್ಲಿ ಎತ್ತು ಹೂಡುವವರು ಯಾರು?
ಪಿಕಾಸಿಯ ಮಾತು. ಗುದ್ದಲಿ ಮಣ್ಣು ಎಳೆಯುತ್ತದೆ, ಪಿಕಾಸಿ ಕಲ್ಲು ಕೀಳುತ್ತದೆ. ಎರಡು ಕೆಲಸಕ್ಕೆ ಒಂದೇ ಹೆಸರಿಟ್ಟರೆ ಕೂಲಿಯವನು ತಪ್ಪು ಹತಾರ ಹೊತ್ತು ಬೆಟ್ಟ ಹತ್ತುತ್ತಾನೆ. ಗೋವೆಯಲ್ಲಿರುವ ನಾನು ಹೇಳುವುದರಿಂದ ಪೋರ್ಚುಗೀಸಿನದೆಂದು ಊಹಿಸಬೇಡಿ, ಅವರ ಪದ ಪಿಕಾರೆಟಾ. ನಮ್ಮದು ಇಂಗ್ಲಿಷಿನ ಪಿಕ್ಯಾಕ್ಸಿನಿಂದ ಬಂದದ್ದು, ಅದೂ ಇಂಗ್ಲಿಷರ ಸ್ವಂತದ್ದಲ್ಲ. ಹಳೆಯ ಫ್ರೆಂಚಿನಿಂದ ಪದವನ್ನು ತಂದು, ಅದರ ಕೊನೆಯ ಸದ್ದನ್ನು ‘ಕೊಡಲಿ’ ಎಂದು ತಪ್ಪಾಗಿ ಕೇಳಿಸಿಕೊಂಡು, ಕೊಡಲಿಯೇ ಇಲ್ಲದ ಹತಾರಕ್ಕೆ ಕೊಡಲಿ ಅಂಟಿಸಿದರು. ಎರವಲು ಪದದಿಂದ ಅವರ ಭಾಷೆ ಕೆಟ್ಟಿತೇ?
ಪುಲಾಸ್ಕಿ ಎಂಬ ಹೆಸರನ್ನೂ ಉಳಿಸಬೇಕೆಂದು ನನ್ನ ಮತ. ಎಡ್ ಪುಲಾಸ್ಕಿ ಅಮೆರಿಕದ ಐಡಹೊದಲ್ಲಿ ಅರಣ್ಯ ರೇಂಜರ್ ಆಗಿದ್ದವರು. 1910ರ ಆಗಸ್ಟಿನ ಮಹಾಬೆಂಕಿಯಲ್ಲಿ ತಮ್ಮ ಆಳುಗಳನ್ನು ಗಣಿಯ ಸುರಂಗಕ್ಕೆ ಹೊಗಿಸಿ ಅವರಲ್ಲಿ ಹೆಚ್ಚಿನವರ ಜೀವ ಉಳಿಸಿದರು. ಇಂಥವರ ಹೆಸರು ಫಲಕದ ಮೇಲಿದ್ದರೆ ಕನ್ನಡಕ್ಕೇನು ನಷ್ಟ?
– ಮಡಗಾಂವ

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಎರಡೂ ಹತಾರಗಳನ್ನು ಇಂಡಿ ತಾಲೂಕಿನ ಹಿರಿಯ ಕೂಲಿಯವರೊಬ್ಬರ ಕೈಗೆ ಕೊಟ್ಟೆ. ಪುಲಾಸ್ಕಿಯನ್ನು ತಿರುಗಿಸಿ ನೋಡಿ, “ಬಾಚಿ ಹಚ್ಚಿದ ಕೊಡ್ಲಿ ಅದರಿ ಇದು” ಎಂದರು. ಮಾಟುಂಗಾದವರು ಗೆದ್ದರು, ಆದರೂ ಫಲಕದಲ್ಲಿ ‘ಬಾಚಿಗೊಡಲಿ’ಯ ಕೆಳಗೆ ಸಣ್ಣ ಅಕ್ಷರದಲ್ಲಿ ಪುಲಾಸ್ಕಿಯೂ ಇರುತ್ತದೆ, ಪಿಕಾಸಿಯೂ ಇದ್ದಲ್ಲಿಯೇ ಇರುತ್ತದೆ. ಮೆಕ್‌ಲೌಡನ್ನು ನೋಡಿ, “ಇದಕ್ಕ ಹೆಸರ್ಯಾಕ್ರಿ, ಕಸಾ ಬಳಿಯೂದು” ಎಂದು ಕೆಳಗಿಟ್ಟರು. ಅದಕ್ಕೆ ನಾನೇ ‘ಹಲ್ಲುಗುದ್ದಲಿ’ ಎಂದು ಬರೆಸುತ್ತಿದ್ದೇನೆ. ಮರಾಠಿಯ ದಾತಾಳೆಯಲ್ಲಿಯೂ ಹಲ್ಲೇ ಇದೆ.
ಕೆಳಗಿನ ಸೂಚನೆಗಳಲ್ಲಿ, ಕೊಡಲಿಯ ಬಾಯಿಯನ್ನು ಕಲ್ಲಿಗೆ ತಾಗಿಸಬಾರದು, ಹತಾರವನ್ನು ಹೆಗಲ ಮೇಲೆ ಹೊರದೆ ಇಳಿಜಾರಿನ ಕಡೆಯ ಕೈಯಲ್ಲಿ ಹಿಡಿದು ನಡೆಯಬೇಕು ಎಂಬವು ಸುಲಭವಾಗಿ ಬಂದವು. ಉಳಿದದ್ದು ಒಂದು. ಮರಾಠಿಯ ‘ಜಾಳರೇಷಾ’ ಮುಂಚಿತವಾಗಿ ಸುಟ್ಟ ಪಟ್ಟಿಯನ್ನು ನೆನಪಿಸುತ್ತದೆ. ನಾವು ಬೆಂಕಿಯೆದುರು ಹುಲ್ಲು, ಎಲೆ, ಬೇರುಗಳನ್ನೆಲ್ಲ ತೆಗೆದು ಬರಿಮಣ್ಣು ಕಾಣುವಂತೆ ಮಾಡುವ ಗೆರೆಗೆ ‘ಬೆಂಕಿರೇಖೆ’ ಎಂದರೆ ಎರಡೂ ಒಂದೇ ಆಗಿಬಿಡುತ್ತವೆ. ‘ಕೆತ್ತುಗೆರೆ’ ಆದೀತೇ? ಬುಧವಾರ ರಾತ್ರಿಯೊಳಗೆ ತಿಳಿಸಬೇಕಾಗಿ ವಿನಂತಿ.
– ಕೋಥರೂಡ, ಪುಣೆ